ಡಬ್ಬಿ ಮೂಸುತ್ತಿದ್ದ ಖಾಲಾ

ನಾನು ಮೊದಲ ಸಲ ನೋಡಿದಾಗ ಖಾಲಾಗೆ ತಲೆಯೇ ಇರಲಿಲ್ಲ. ಕುತ್ತಿಗೆಯ ಮೇಲೆ ಎಣ್ಣೆ ಡಬ್ಬಿ ಇತ್ತು. ರಾಯಚೂರಿನ ಕೋಟೆ ಹಿಂದಿನ ಓಣಿಗೆ ನಾವು ಬಾಡಿಗೆಗೆ ಬಂದ ದಿನ ಅದು. ಸಾಮಾನು ಇಳಿಸಿ ಸಾಕಾಗಿ, ಸ್ವಲ್ಪ ಗಾಳಿ ಸಿಕ್ಕೀತೆಂದು ಮಾಳಿಗೆ ಹತ್ತಿದೆ. ಪಕ್ಕದ ಮಾಳಿಗೆಯ ಮೇಲೆ ಹಸಿರು ಸೀರೆಯ ದಪ್ಪನೆಯ ಹೆಂಗಸೊಬ್ಬರು ಕಾಲು ಚಾಚಿ ಕೂತಿದ್ದರು. ಬಾಯಿ ಕತ್ತರಿಸಿದ ದೊಡ್ಡ ತಗಡಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೆ ಕಿವಿಯ ತನಕ ಮುಖ ಇಟ್ಟಿದ್ದರು. ಗಾಜಿನ ಬಳೆಗಳು ತಗಡಿಗೆ ತಾಗಿ ಸದ್ದು ಮಾಡುತ್ತಿದ್ದವು.

“ಹೊಸಾ ಮಂದಿ ಏನ್ರಿ?” ಎಂದು ಡಬ್ಬಿಯೊಳಗಿಂದ ದನಿ ಬಂತು. ಆಮೇಲೆ ಮುಖ ಹೊರಗೆ ಬಂತು. ಮೊದಲು ಮೂಗು, ಅದರ ಹಿಂದೆ ಉಳಿದದ್ದು. ಅಗಲವಾದ, ತುದಿ ಸ್ವಲ್ಪ ಮೇಲೆದ್ದ ಮೂಗು; ಎಡಕ್ಕೆ ಸಣ್ಣ ಮೂಗುಬೊಟ್ಟು. ಆ ಮೂಗು ಗಾಳಿಯನ್ನು ಒಂದೆರಡು ಸಲ ಎಳೆದುಕೊಂಡಿತು. “ಸೇಂಗಾ ಹಿಂಡಿ ತಂದೀರಿ. ಛಲೋ ಅದ. ಸ್ವಲ್ಪ ಸೀದದ, ಅಷ್ಟ.”

ಆ ಹಿಂಡಿ, ಅಂದರೆ ಸೇಂಗಾ ಚಟ್ನಿಪುಡಿ, ಕುಟ್ಟಿ ಕಟ್ಟಿಕೊಟ್ಟವಳು ನನ್ನ ಅವ್ವ. ಮಾನ್ವಿ ತಾಲೂಕಿನ ಮಲ್ಲಟದಲ್ಲಿ ಹತ್ತಿ ಬೆಳೆಯುವ ಮನೆಯವಳು, ಕೈರುಚಿಗೆ ಹೆಸರಾದವಳು. ಪರಿಚಯವೇ ಇಲ್ಲದವರು ಅವಳ ಹಿಂಡಿಗೆ ಹೆಸರಿಟ್ಟರಲ್ಲ ಎಂದು ನನಗೆ ಸಿಟ್ಟು ಬಂತು. ಕೆಳಗಿಳಿದು, ಕಟ್ಟು ಬಿಚ್ಚಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡಿದೆ. ಸೀದಿತ್ತು.

ಖಾಲಾ ಎಂದರೆ ತಾಯಿಯ ಅಕ್ಕ ಇಲ್ಲವೆ ತಂಗಿ. ಓಣಿಯ ಹಿಂದೂ ಮನೆಗಳವರೂ ಅವರನ್ನು ಹಾಗೇ ಕರೆಯುತ್ತಿದ್ದರು, ನಾನೂ ಕರೆದೆ. ಆ ಮೂಗಿನ ಪ್ರತಾಪ ಹೇಳುತ್ತ ಹೋದರೆ ನಗುತ್ತ ಹೋಗಬಹುದು. ಆದರೆ ನಾನು ಬರೆಯಲು ಕೂತಿರುವುದು ಆ ಮೂಗು ಅವರನ್ನು ಬಿಟ್ಟುಹೋದ ಬಗ್ಗೆ. ಬರೆದು ಆಗುವುದೇನೂ ಇಲ್ಲ ಎಂಬುದು ಗೊತ್ತಿದೆ.

ಅವರ ಮಾಳಿಗೆಯ ಮೇಲೆ ದುಡ್ಡು ಕೊಟ್ಟು ತಂದ ಕುಂಡ ಒಂದೂ ಇರಲಿಲ್ಲ. ಎಣ್ಣೆ ಡಬ್ಬಿಗಳಲ್ಲಿ ಕೊತ್ತಂಬರಿ, ಗೋಡೆಗೆ ಬಳಿಯುವ ಬಣ್ಣದ ಬಕೆಟ್ಟುಗಳಲ್ಲಿ ಪುದೀನ, ಹಿಡಿಕೆ ಮುರಿದ ಕುಕ್ಕರಿನಲ್ಲಿ ದೊಡ್ಡಪತ್ರೆ, ಬಾಯಿ ಒಡೆದ ಪ್ಲಾಸ್ಟಿಕ್ ಕೊಡದಲ್ಲಿ ಸಬ್ಜಾ, ಅಂದರೆ ಕಾಮಕಸ್ತೂರಿ. ಯಾರೋ ಬೈಕಿನಿಂದ ಬಿದ್ದು ಎಸೆದಿದ್ದ ಹೆಲ್ಮೆಟ್ಟಿನಲ್ಲಿ ಮೆಂತ್ಯೆ ಇತ್ತು. ತುಳಸಿಗೆ ಮಾತ್ರ ಹಾಲಿನ ಪುಡಿಯ ಡಬ್ಬಿಗಳನ್ನು ಬೇರೆ ಇಟ್ಟಿದ್ದರು. ನಮ್ಮ ಓಣಿಯ ಬಾಗಿಲುಗಳ ಮುಂದಿದ್ದ ತುಳಸಿಗಳೆಲ್ಲ ಆ ಡಬ್ಬಿಗಳಲ್ಲಿ ಮೊಳೆತವೇ. “ನಿಮ್ ದೇವ್ರಿಗೆ ಎಣ್ಣಿ ಡಬ್ಬಿ ನಕ್ಕೋ, ಬ್ಯಾಡ. ಹಾಲಿಂದ ಇರ್ಲಿ,” ಎನ್ನುತ್ತಿದ್ದರು.

ಯಾವ ಡಬ್ಬಿಯೂ ಸುಮ್ಮನೆ ಒಳಗೆ ಬರುವಂತಿರಲಿಲ್ಲ. ಗಂಜ್ ಹತ್ತಿರದ ಗುಜರಿ ಅಂಗಡಿಯಿಂದ ಹೊತ್ತು ತಂದದ್ದನ್ನು ಮೊದಲು ಬೂದಿ, ಹುಣಸೆಹಣ್ಣು ಹಾಕಿ ತಿಕ್ಕುವುದು. ಮಾಳಿಗೆಯ ಮೇಲೆ ಬೋರಲು ಹಾಕಿ ರಾಯಚೂರಿನ ಬಿಸಿಲಿಗೆ ಬಿಡುವುದು. ಆಮೇಲೆ ಕುದಿಯುವ ನೀರು ಹುಯ್ದು, ತಾಟು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತಾಟು ಸರಿಸಿ ಆ ಹಬೆಗೆ ಮೂಗು ಕೊಡುವುದು. ಹಳೆಯ ವಾಸನೆ ಒಂದಿಷ್ಟು ಉಳಿದಿದ್ದರೂ ಹಬೆಯಲ್ಲಿ ಎದ್ದು ಬರುತ್ತದಂತೆ. ಬಂದರೆ ಮತ್ತೆ ಬೂದಿ, ಮತ್ತೆ ಬಿಸಿಲು, ಅಥವಾ ಸೀದಾ ಗುಜರಿಗೆ ವಾಪಸು. ಏನೂ ಬರದಿದ್ದರೆ ಡಬ್ಬಿಯನ್ನು ಒಮ್ಮೆ ಬೆರಳಿನಿಂದ ತಟ್ಟಿ, “ಪಾಕ್ ಅದ,” ಎನ್ನುತ್ತಿದ್ದರು. ಪಾಕ್ ಎಂದರೆ ಶುದ್ಧ. ಆ ಮಾತು ಬಿದ್ದ ಮೇಲೆಯೇ ಮೊಳೆ ಕಾಯಿಸಿ ತಳಕ್ಕೆ ತೂತು, ತೂತಿನ ಮೇಲೆ ಹೆಂಚಿನ ಚೂರು, ಚೂರಿನ ಮೇಲೆ ಮಣ್ಣು.

ಈ ವಿದ್ಯೆ ಅವರ ಅಪ್ಪನಿಂದ ಬಂದದ್ದು. ಅವರ ತವರು ದೇವದುರ್ಗ. ಅಪ್ಪ ಅಲ್ಲಿಯ, ಮಾನ್ವಿಯ ಸಂತೆಗಳಿಗೆ ಸೈಕಲ್ಲಿನ ಮೇಲೆ ಅತ್ತರಿನ ಪೆಟ್ಟಿಗೆ ಕಟ್ಟಿಕೊಂಡು ಹೋಗುತ್ತಿದ್ದವರು. ಖಾಲಿಯಾಗಿ ಬಂದ ಸಣ್ಣ ಶೀಶೆಗಳನ್ನು ತೊಳೆದು ಮತ್ತೆ ತುಂಬಬೇಕು. ಗುಲಾಬಿಯದರಲ್ಲಿ ಕೇದಗೆಯ ಕೇವಡಾ ಬಿದ್ದರೆ ಎರಡೂ ಕೆಟ್ಟವು. ಆ ಶೀಶೆ ಮೂಸಿ ವಿಂಗಡಿಸುವ ಕೆಲಸ ಮನೆಯ ಹುಡುಗಿಯದು. ನಾನು ದಿನಾ ಬಸ್ಸು ಹತ್ತಿ ದೇವದುರ್ಗದ ಶಾಲೆಗೆ ಕನ್ನಡ ಹೇಳಲು ಹೋಗುತ್ತೇನೆಂದು ತಿಳಿದಾಗ ಖಾಲಾ ನನ್ನ ಕೈ ಹಿಡಿದು, “ನಮ್ಮೂರ ಧೂಳು ತರ್ತಿ ಬೇಟಿ, ಸೆರಗು ಝಾಡಿಸಬ್ಯಾಡ, ಇಲ್ಲಿ ಬಂದು ನಿಂದ್ರು,” ಎಂದಿದ್ದರು. ತಮಾಷೆಗೆಂದು ನಿಂತೆ. ಅವರು ನಿಜವಾಗಿಯೂ ಮೂಸಿದರು.

ಗಿಡಗಳಿಗೆ ನೀರು ಹಾಕುವುದಕ್ಕೂ ಅವರದೇ ದಾರಿ. ನಮ್ಮ ಕಡೆ ನಲ್ಲಿ ನೀರು ಯಾವಾಗ ಬರುತ್ತದೆಂಬುದು ಆ ದೇವರಿಗೇ ಗೊತ್ತು. ಬೋರಿನ ಉಪ್ಪು ನೀರು ಹಾಕಿದರೆ ಮಣ್ಣಿನ ಮೇಲೆ ಬಿಳಿ ಕಟ್ಟುತ್ತದೆ. ಖಾಲಾ ನಮಾಜಿಗೆ ಮುಂಚಿನ ವಜೂವನ್ನು ಡಬ್ಬಿಗಳ ನಡುವೆ ಕೂತೇ ಮಾಡುತ್ತಿದ್ದರು. ಕೈ ತೊಳೆದ ನೀರು ಕೊತ್ತಂಬರಿಗೆ, ಮುಖ ತೊಳೆದದ್ದು ಪುದೀನಕ್ಕೆ, ಕಾಲಿನದು ಕರಿಬೇವಿಗೆ. ಪ್ರತಿ ನಮಾಜಿಗೂ ಜಾಗ ಬದಲಿಸುತ್ತಿದ್ದುದರಿಂದ ಯಾವ ಡಬ್ಬಿಗೂ ಬರಗಾಲ ಬರುತ್ತಿರಲಿಲ್ಲ.

ಬೆಳೆದದ್ದನ್ನು ಮಾರಲಿಲ್ಲ. ಸಂಜೆ ಒಲೆ ಹೊತ್ತಿಸುವ ಹೊತ್ತಿಗೆ ಮಾಳಿಗೆಗಳಿಂದ ಹೆಂಗಸರು ಕೂಗುತ್ತಿದ್ದರು: “ಖಾಲಾ, ಒಂದೀಟು ಪುದೀನ!” “ಖಾಲಾ, ಸಾರಿಗೆ ಕೊತ್ತಂಬ್ರಿ!” ಹಳೆ ಸೀರೆಯ ಅಂಚು ಸೀಳಿ ಮಾಡಿದ ಹಸಿರು ಪಟ್ಟಿಯಿಂದ ಕಟ್ಟಿದ ಸಣ್ಣ ಸಣ್ಣ ಸೂಡುಗಳು ಮಾಳಿಗೆಯಿಂದ ಮಾಳಿಗೆಗೆ ಹಾರುತ್ತಿದ್ದವು. ತಳ್ಳುಗಾಡಿಯ ಕಾಯಿಪಲ್ಯದವನು ನಮ್ಮ ಓಣಿಗೆ ಬಂದಾಗ ಕೊತ್ತಂಬರಿ ಎಂದು ಕೂಗುವುದನ್ನೇ ಬಿಟ್ಟಿದ್ದ. ಓಣಿಯ ಎಲ್ಲರ ಊಟದಲ್ಲೂ ಖಾಲಾರ ಕೈ ಇತ್ತು. ಅವರಿಗೆ ಬೇಕಾಗಿದ್ದುದೂ ಅಷ್ಟೇ ಎಂದು ನನಗೆ ಈಗ ಅನಿಸುತ್ತದೆ.

ಕೊರೊನಾ ನಮ್ಮ ಓಣಿಯನ್ನೂ ಬಿಡಲಿಲ್ಲ. ಎಲ್ಲರಿಗೂ ಜ್ವರ ಬಂತು, ಎಲ್ಲರ ಮೂಗೂ ಕಟ್ಟಿತು, ವಾಸನೆ ಹೋಯಿತು. ನಮ್ಮ ಮನೆಯವರು ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂತೆಂದು ಒಂದು ದಿನ ಅಡುಗೆಮನೆಯಲ್ಲಿ ಕುಣಿದಾಡಿದರು. ಒಬ್ಬೊಬ್ಬರಿಗೆ ಒಂದೊಂದು ದಿನ ವಾಪಸು ಬಂತು. ಖಾಲಾಗೆ ಬರಲಿಲ್ಲ.

ಮೊದಮೊದಲು ಅವರೇ ನಗುತ್ತಿದ್ದರು. “ಈ ಮೂಗು ಭಾಳ ದುಡಿದದ ಬೇಟಿ, ಛುಟ್ಟಿ ಹಾಕ್ಯದ,” ಎನ್ನುತ್ತಿದ್ದರು. ಮೂಗಿನ ಡಾಕ್ಟರು, ವಾಸನೆ ಬಂದರೆ ಬರುತ್ತದೆ, ಕಾಯಿರಿ ಎಂದರು. ಹಕೀಮರು ನಶ್ಯ ಕೊಟ್ಟರು. ಯಾರೋ ಅಜವಾನ ಕಟ್ಟಿಕೊಂಡು ಮಲಗಿ ಎಂದರು, ಯಾರೋ ಮೆಣಸಿನ ಹೊಗೆ ಎಂದರು. ದೇವಸುಗೂರಿನ ಗುಡಿಗೆ ಹೋದಾಗ ನಾನೂ ಕೈ ಮುಗಿದು, ನನಗೆ ಬೇಕಾದದ್ದನ್ನೆಲ್ಲ ಕೇಳಿದ ಮೇಲೆ ಇದನ್ನೂ ಕೇಳಿಕೊಂಡೆ. ವಜೂ ಮಾಡುವಾಗ ಮೂಗಿಗೆ ನೀರು ಎಳೆದುಕೊಳ್ಳುವ ಕ್ರಮವಿದೆಯಲ್ಲ, ಅದನ್ನು ಖಾಲಾ ಕೆಮ್ಮು ಬರುವ ತನಕ ಮಾಡತೊಡಗಿದರು. ತೊಳೆದರೆ ಹೋದೀತು, ಒಳಗೆ ಏನೋ ಕೂತಿದೆ ಎಂದು ಅವರ ಎಣಿಕೆ.

ದಿನಾ ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವ ಮುಂಚೆ ಮಾಳಿಗೆಯ ಗೋಡೆಯ ಹತ್ತಿರ ನಿಲ್ಲಬೇಕಿತ್ತು. ಖಾಲಾ ಒಂದು ಪುದೀನದ ಎಲೆ ಕಿತ್ತು, ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಿ ಮೂಗಿಗೆ ಹಿಡಿಯುವರು. ಕಾಯುವರು. ಆಮೇಲೆ ಕೈಯನ್ನು ನನ್ನ ಕಡೆಗೆ ಚಾಚಿ, “ಹೆಂಗದ ಹೇಳು,” ಎನ್ನುವರು.

“ತಂಪಗದ ಖಾಲಾ.”

“ತಂಪು ಕೈಗೂ ಗೊತ್ತಾಗ್ತದ. ಮೂಗಿಗಿ ಹೇಳು.”

“ಘಮ್ ಅಂತದ.”

“ಕನ್ನಡ ಟೀಚರ್ ಆಗಿ ಇಷ್ಟ ಏನ್ ಬೇ?”

ಅಷ್ಟೇ. ನಾಲ್ಕಕ್ಷರ ಓದಿದವಳೆಂದು ಹೆಸರೇ ಹೊರತು, ಆ ಎಲೆಯ ವಾಸನೆಯನ್ನು ಅವರಿಗೆ ಮುಟ್ಟಿಸುವ ಒಂದು ಮಾತು ನನ್ನ ಹತ್ತಿರ ಇರಲಿಲ್ಲ. ಪುದೀನ ಪುದೀನದ ಹಾಗೇ ಇರುತ್ತದೆ, ಇನ್ನು ಹೇಗಿರುತ್ತದೆ? ಬಸ್ಸಿನಲ್ಲಿ ಕೂತು ದೇವದುರ್ಗದ ತನಕ ಯೋಚಿಸುತ್ತಿದ್ದೆ. ಮರುದಿನ ಹೊಸ ಮಾತು ಒಯ್ಯುತ್ತಿದ್ದೆ. ಯಾವುದೂ ತಾಗಲಿಲ್ಲ.

ಊಟ ಸೇರದಾಯಿತು. “ರೊಟ್ಟಿ ಅಂದ್ರ ಬರೇ ಅಗಿಯೋದು ಆಗ್ಯದ,” ಎನ್ನುತ್ತಿದ್ದರು. ಆದರೆ ಅವರು ಕುಸಿದದ್ದು ಅದಕ್ಕಲ್ಲ. ಮಗ ಸೊಸೆ ಜೊತೆಗೇ ಇದ್ದರು. ಮಗ ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಬಹಳ ವರ್ಷ ಕಾದ ಮೇಲೆ ಅವರಿಗೆ ಹೆಣ್ಣು ಕೂಸು ಹುಟ್ಟಿತು. ನೋಡಲು ಹೋದಾಗ ಖಾಲಾ ಕೂಸಿನ ನೆತ್ತಿಗೆ ಮೂಗು ಒತ್ತಿ ಕೂತಿದ್ದರು. ಬಾಣಂತಿ ಕೋಣೆಯಲ್ಲಿ ಲೋಬಾನದ ಹೊಗೆ, ಎಣ್ಣೆ, ಹಾಲು, ಎಳೆ ಮೈ, ಎಲ್ಲ ಕೂಡಿದ ಆ ವಾಸನೆ ಹೆಣ್ಣಾದವಳಿಗೆ ಬೇರೆ ಹೇಳಬೇಕಿಲ್ಲ. ಖಾಲಾ ತಲೆ ಎತ್ತಿ ನನ್ನನ್ನು ನೋಡಿದರು. “ನನ್ ಮಗ ಹುಟ್ಟಿದಾಗ ಹಸಿ ಅಕ್ಕಿ ವಾಸನಿ ಬರ್ತಿತ್ತು. ಇದ್ರದು ಏನದ ಬೇಟಿ?” ನಾನು ಬಗ್ಗಿ ಮೂಸಿದೆ. ಕೂಸಿನ ಹೊದಿಕೆ ಸರಿಮಾಡಿದೆ. “ಇದ್ರ ವಾಸನಿ ಒಂದ್ ಸಲ ಬಂದ್ರ ಸಾಕು. ಆಮ್ಯಾಲ ಅಲ್ಲಾ ಈ ಮೂಗು ಕೊಯ್ಕೊಂಡ್ ಹೋಗ್ಲಿ,” ಎಂದರು.

ಅಂದಿನಿಂದ ಎಲೆ ಹಿಸುಕುವುದು ಆಟವಾಗಿ ಉಳಿಯಲಿಲ್ಲ. ಪುದೀನ, ಕೊತ್ತಂಬರಿ, ದೊಡ್ಡಪತ್ರೆ, ಸಬ್ಜಾ, ಒಂದಾದ ಮೇಲೊಂದು ಹಿಸುಕಿ ಹಿಸುಕಿ ಅವರ ಎರಡು ಬೆರಳು ಕಪ್ಪಾಗಿ ಹೋದವು. ಘಾಟು ಎಲೆ ಮೊದಲು ಬರುತ್ತದೆ, ಅದು ಬಂದರೆ ಕೂಸಿನದೂ ಬರುತ್ತದೆ ಎಂದು ನಂಬಿದ್ದರು. ಹೊಸ ಡಬ್ಬಿ ತರುವುದನ್ನು ಮಾತ್ರ ಅವರಾಗಿಯೇ ನಿಲ್ಲಿಸಿದ್ದರು. ಮೂಗಿಲ್ಲದೆ ಡಬ್ಬಿ ತರುವುದು ಕಣ್ಣಿಲ್ಲದೆ ಸೂಜಿ ಪೋಣಿಸಿದ ಹಾಗೆ ಎನ್ನುತ್ತಿದ್ದರು. ಹಳೆಯವುಗಳಲ್ಲೇ ಬಿತ್ತುತ್ತಿದ್ದರು, ಹಳೆಯವು ತುಕ್ಕು ಹಿಡಿದು ತಳ ಉದುರುತ್ತಿದ್ದವು.

ಕೂಸು ನಡೆಯಲು ಕಲಿತ ವರ್ಷ, ಬೇಸಿಗೆ ಶುರುವಾಗುವ ಹೊತ್ತಿಗೆ, ಒಂದು ಬೆಳಿಗ್ಗೆ ಖಾಲಾ ಮಾಳಿಗೆಯಿಂದ ಕೂಗಿದರು: “ಬಂತು! ಬೇಟಿ, ಬಂತು!”

ತಲೆ ಬಾಚುತ್ತಿದ್ದವಳು ಹಣಿಗೆ ಕೈಯಲ್ಲೇ ಹಿಡಿದು ಓಡಿದೆ. ಖಾಲಾ ಕೊತ್ತಂಬರಿಯ ಡಬ್ಬಿಯ ಮುಂದೆ ಮೊಣಕಾಲೂರಿ ಕೂತಿದ್ದರು, ಕಣ್ಣಲ್ಲಿ ನೀರು. “ಮೊದ್ಲ ಹಸಿ ಮಣ್ಣು ಬಂತು. ಆಮ್ಯಾಲ ಕೊತ್ತಂಬ್ರಿ. ಸಣ್ಣಗ ಬಂತು, ದೂರದಿಂದ ಬಂದಂಗ.” ನಾನೂ ಅತ್ತೆ. ಓಣಿಯ ಹೆಂಗಸರೆಲ್ಲ ಮಾಳಿಗೆಗಳ ಮೇಲೆ ಬಂದರು. ಅವತ್ತು ಖಾಲಾ ಕಡಾಯಿ ತುಂಬ ಶೀರಾ ಮಾಡಿ ಮನೆಮನೆಗೆ ಹಂಚಿದರು; ಅದಕ್ಕೆ ಏಲಕ್ಕಿ ಹಾಕುವುದನ್ನೇ ಮರೆತಿದ್ದರು. ಅದು ನಮಗೆಲ್ಲ ತಿಳಿಯಿತು, ಯಾರೂ ಹೇಳಲಿಲ್ಲ. ಖುಷಿಯಲ್ಲಿ ಮರೆತಿದ್ದಾರೆ ಎಂದುಕೊಂಡೆವು.

ಕೂಸಿನದು ಬಂತೇ ಎಂದು ಕೇಳಿದೆ. “ಬರ್ತದ. ಸಾವಕಾಶ ಬರ್ತದ,” ಎಂದರು.

ಅದೇ ವಾರ ನಾನು ಶಾಲೆಯಲ್ಲಿದ್ದ ಹೊತ್ತಿನಲ್ಲಿ ಖಾಲಾ ಗುಜರಿ ಅಂಗಡಿಗೆ ಹೋಗಿ ಹೊಸ ಡಬ್ಬಿಗಳನ್ನು ತಂದರು. ಅವುಗಳಲ್ಲಿ ಒಂದು ದಪ್ಪ ಪ್ಲಾಸ್ಟಿಕ್ಕಿನ ಬಿಳಿ ಕ್ಯಾನು. ಮೇಲಿನ ಚೀಟಿ ಕಿತ್ತುಹೋಗಿತ್ತು, ತಳ ಗಟ್ಟಿ, ಬಿಸಿಲಿಗೆ ಬಿರಿಯುವಂಥದಲ್ಲ. ಮೇಲ್ಭಾಗ ಕೊಯ್ಸಿ, ಬೂದಿ ಹುಣಸೆಹಣ್ಣು ಹಾಕಿ ತಿಕ್ಕಿ, ಬಿಸಿಲಿಗೆ ಹಾಕಿ, ಕುದಿಯುವ ನೀರು ಹುಯ್ದು, ತಾಟು ಸರಿಸಿ ಹಬೆಗೆ ಮೂಗು ಕೊಟ್ಟರು. ಎಷ್ಟೋ ದಿನದ ಮೇಲೆ ತಮ್ಮ ಮೂಗಿಗೆ ಕೊಟ್ಟ ಕೆಲಸ. ಏನೂ ಬರಲಿಲ್ಲ. ಪಾಕ್ ಅದ ಎಂದು ತಟ್ಟಿದರು.

ಆ ಕ್ಯಾನಿನಲ್ಲಿ ಪುದೀನ ಬಹಳ ಚೆನ್ನಾಗಿ ಬಂತು. ಮೊದಲ ಕೊಯ್ಲಿನ ಮೊದಲ ಸೂಡು ನಮ್ಮ ಮನೆಗೇ ಬಂತು. ಚಟ್ನಿ ಮಾಡಿದೆ. ಮರುದಿನ ನನ್ನ ಮಗಳು ಒಂದೇ ಸಮ ವಾಂತಿ ಮಾಡಿಕೊಂಡಳು. ಎರಡು ಮನೆ ಆಚೆ ಇನ್ನೊಂದು ಮಗುವಿಗೂ ಹಾಗೇ ಆಯಿತು. ಮಾವಿನಹಣ್ಣಿನ ಕಾಲ, ಮದುವೆ ಊಟಗಳ ಕಾಲ. ಡಾಕ್ಟರು ಸಲೈನ್ ಹಾಕಿ ಕಳಿಸಿದರು. ಆ ಪುದೀನದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಮೊಮ್ಮಗಳಿಗೆ ಆರಾಮಿಲ್ಲ ಎಂದು ಕೇಳಿ ಅವ್ವ ಮಲ್ಲಟದಿಂದ ಬಂದಳು. ಅವಳಿಗೂ ಖಾಲಾಗೂ ದೋಸ್ತಿ. ಬಂದಾಗೆಲ್ಲ ಒಂದು ಡಬ್ಬಿ ಹಿಂಡಿ ತರುತ್ತಿದ್ದಳು, “ಈ ಸಲ ಸೀದಿಲ್ಲ ನೋಡ್ರಿ ಬೀಬಿ,” ಎಂದು ಕೆಣಕುತ್ತಿದ್ದಳು. ಅವತ್ತೂ ಹಿಂಡಿ ಕೊಟ್ಟು, ನಗುತ್ತಲೇ ಇಬ್ಬರೂ ಗಿಡ ನೋಡಲು ಹೋದರು. ಹಿಂದೆ ನಾನೂ ಹೋದೆ. ಖಾಲಾ ಆಗಷ್ಟೇ ವಜೂ ಮಾಡಿದ್ದರು. ಬಿಳಿ ಕ್ಯಾನಿನ ಮಣ್ಣು ಒದ್ದೆಯಾಗಿತ್ತು, ಬಿಸಿಲು ಅದರ ಮೇಲೆ ಬಿದ್ದಿತ್ತು. ಎಲೆ ಕೀಳಲು ಬಗ್ಗಿದ ಅವ್ವ ಹಾಗೇ ನಿಂತಳು. ಚಿಟಿಕೆ ಮಣ್ಣು ತೆಗೆದು ಮೂಗಿನ ಹತ್ತಿರ ಹಿಡಿದಳು. ಅವಳ ಮುಖ ಬದಲಾಯಿತು.

“ಯವ್ವಾ, ಇದು ಹತ್ತಿಗಿ ಹೊಡಿಯೋ ಔಷಧದ ಡಬ್ಬಿ.”

ಮಲ್ಲಟದ ನಮ್ಮ ಮನೆಯ ಪಡಸಾಲೆಯಲ್ಲಿ ಆ ವಾಸನೆ ವರ್ಷವಿಡೀ ಇರುತ್ತದೆ. ಅವಳು ತಪ್ಪು ತಿಳಿಯುವ ಮಾತೇ ಇರಲಿಲ್ಲ. ನಾನು ಬಗ್ಗಿದೆ. ಪುದೀನದ ಘಮಲಿನ ಅಡಿಯಲ್ಲಿ ಅದಿತ್ತು.

“ಇಲ್ಲಕ್ಕಾ,” ಎಂದರು ಖಾಲಾ. “ನಾನು ನೋಡೀನಿ. ಬಿಸಿ ನೀರು ಹಾಕಿ ನೋಡೀನಿ. ಪಾಕ್ ಅದ.”

ಖಾಲಾ ಕ್ಯಾನಿನ ಮುಂದೆ ಕೂತು, ಪುದೀನವನ್ನು ಎರಡೂ ಕೈಯಿಂದ ಸರಿಸಿ, ಮಣ್ಣಿಗೆ ಮೂಗು ಇಟ್ಟರು. ಬಹಳ ಹೊತ್ತು ಹಾಗೇ ಇದ್ದರು. ಅವರ ಬೆನ್ನು ಏರಿ ಇಳಿಯುವುದು ಕಾಣುತ್ತಿತ್ತು. ಮುಖ ಎತ್ತಿದಾಗ ಮೂಗಿನ ತುದಿಗೆ ಒದ್ದೆ ಮಣ್ಣು ಹತ್ತಿತ್ತು.

“ಅಕ್ಕಾ, ನಂಗ ಏನೂ ಬರವಲ್ದು.”

“ಅವತ್ತ ಬಂತಲ್ರಿ, ಕೊತ್ತಂಬ್ರಿ?” ಎಂದೆ ನಾನು. ಯಾಕೆ ಕೇಳಿದೆನೋ.

ಖಾಲಾ ನನ್ನನ್ನು ನೋಡಲಿಲ್ಲ. “ಅವತ್ತೂ ಬಂದಿಲ್ಲ ಕಾಣ್ತದ ಬೇಟಿ. ಬರ್ಲಿ ಬರ್ಲಿ ಅಂತ ಭಾಳ ಕೇಳಿದ್ದೆ. ಅದಕ್ಕ ಬಂದಂಗ ಆತು.”

ಮೂಗಿನ ಮಣ್ಣನ್ನು ಅವ್ವ ತನ್ನ ಸೆರಗಿನಿಂದ ಒರೆಸಿದಳು.

ಅವತ್ತು ಮಧ್ಯಾಹ್ನ ಖಾಲಾ ಮನೆಮನೆಗೆ ಹೋಗಿ ತಾವೇ ಹೇಳಿದರು. ಬಾಗಿಲ ಚೌಕಟ್ಟು ಹಿಡಿದು, ಒಳಗೆ ಕಾಲಿಡದೆ, “ಹಿಂಗ ಆಗ್ಯದ, ನನ್ ಕಡಿಂದ ತಪ್ಪಾಗ್ಯದ, ಮಕ್ಕಳಿಗಿ ಡಾಕ್ಟರ್‌ಗೆ ತೋರಿಸ್ರಿ,” ಎಂದರು. ಡಾಕ್ಟರು ಎಲ್ಲರನ್ನೂ ನೋಡಿ, ಈಗ ಭಯವಿಲ್ಲ ಎಂದರು. ವಾಂತಿ ಅದರಿಂದಲೇ ಆಯಿತೇ ಎಂದು ಕೇಳಿದ್ದಕ್ಕೆ, ಇರಬಹುದು, ಇರಲಿಕ್ಕಿಲ್ಲ ಎಂದರು. ಹೌದೆಂದಿದ್ದರೆ ಅಳಬಹುದಿತ್ತು, ಅಲ್ಲವೆಂದಿದ್ದರೆ ಮರೆಯಬಹುದಿತ್ತು. ಎರಡೂ ಆಗಲಿಲ್ಲ.

ನನಗೆ ಸಿಟ್ಟು ಬಂದಿತ್ತು, ಸುಳ್ಳೇಕೆ. ಮಗಳ ಕೈಗೆ ಸೂಜಿ ಚುಚ್ಚಿದ್ದನ್ನು ನೋಡಿದ್ದೆ. ಆದರೆ ಸಿಟ್ಟು ಮಾಡುವುದು ಯಾರ ಮೇಲೆ? ಕ್ಯಾನಿನ ಚೀಟಿ ಕಿತ್ತವರ ಮೇಲೆಯೇ, ಅದನ್ನು ಎಣ್ಣೆ ಡಬ್ಬಿಗಳ ಜೊತೆ ಪೇರಿಸಿ ಮಾರಿದವರ ಮೇಲೆಯೇ, ಬಂತು ಎಂದಾಗ ಜೊತೆಗೆ ಅತ್ತು ಶೀರಾ ತಿಂದ ನಮ್ಮ ಮೇಲೆಯೇ? ಒಬ್ಬ ಹೆಂಗಸು ಆಸೆ ಪಟ್ಟರು. ಅವರ ಆಸೆಯೇ ಅವರ ಮೂಗಿನ ಜಾಗದಲ್ಲಿ ಕೂತು ಪಾಕ್ ಎಂದಿತು. ಅಷ್ಟೇ ಆದದ್ದು.

ಓಣಿಯಲ್ಲಿ ಯಾರೂ ಅವರಿಗೆ ಒಂದು ಮಾತು ಅನ್ನಲಿಲ್ಲ. “ಇರ್ಲಿ ಬಿಡ್ರಿ ಖಾಲಾ, ಬೇಕಂತ ಮಾಡೀರೇನು?” ಎಂದರು. ಖಾಲಾ ಬಿಳಿ ಕ್ಯಾನನ್ನು ಮಣ್ಣಿನ ಸಮೇತ ತೆಗೆಸಿದರು, ಹೊಸದಾಗಿ ತಂದ ಉಳಿದ ಡಬ್ಬಿಗಳನ್ನೂ ತೆಗೆಸಿದರು. ಹಳೆಯವುಗಳಲ್ಲಿ ಬೆಳೆದದ್ದನ್ನು ಮೊದಲಿನಂತೆ ಸೂಡು ಕಟ್ಟಿ ಕೊಟ್ಟರು. ಎಲ್ಲರೂ ಮೊದಲಿನಂತೆ ಕೈ ಚಾಚಿ ಹಿಡಿದರು. ಈಗ ಯಾರೂ ತಾವಾಗಿ ಕೂಗಿ ಕೇಳುತ್ತಿರಲಿಲ್ಲ, ಅಷ್ಟೇ ಬದಲಾದದ್ದು. ನಮ್ಮ ಮನೆಯವರು ಸಾರಿನಲ್ಲಿ ತೇಲುವ ಎಲೆಗಳನ್ನು ಸದ್ದಿಲ್ಲದೆ ತಾಟಿನ ಬದಿಗೆ ಎತ್ತಿಡುತ್ತಿದ್ದರು. ಹಳೆ ಡಬ್ಬಿಯದು ತಿನ್ನಿ ಎಂದರೆ, “ತಿಂತೀನಿ ತಿಂತೀನಿ,” ಎನ್ನುವರು, ತಿನ್ನುತ್ತಿರಲಿಲ್ಲ.

ಒಂದು ದಿನ ಓಣಿಯ ಚರಂಡಿ ಕಟ್ಟಿಕೊಂಡಿತು. ನಗರಸಭೆಯವರು ಬಂದು ಕಸ ಎಳೆದು ದಂಡೆಗೆ ಹಾಕಿದರು. ಖಾಲಾ ಮೊಮ್ಮಗಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ಆ ಕಪ್ಪು ರಾಡಿಯಲ್ಲಿ ಕೊಳೆತ ಸೂಡುಗಳಿದ್ದವು. ಕೊಳೆತದ್ದು ಯಾವ ಎಲೆಯೆಂದು ಗುರುತು ಸಿಗುವಂತಿರಲಿಲ್ಲ. ಆದರೆ ಹಸಿರು ಪಟ್ಟಿಗಳು ಹಾಗೇ ಇದ್ದವು, ಗಂಟು ಬಿಚ್ಚದೆ. ಓಣಿಯವರು ಸೂಡನ್ನು ಬಿಚ್ಚಿಯೂ ನೋಡದೆ ಎಸೆದಿದ್ದರು.

“ಮಂದಿ ಬೈಲಿಲ್ಲ ಬೇಟಿ,” ಎಂದರು ನನಗೆ, ಆಮೇಲೆ. “ಬೈದಿದ್ರ ಛಲೋ ಇತ್ತು.”

ಅವತ್ತಿನಿಂದ ಅವರು ಕೊಯ್ಯಲಿಲ್ಲ. ನೀರು ಹಾಕುವುದನ್ನು ಬಿಡಲಿಲ್ಲ, ವಜೂವಿನ ನೀರು ಎಲ್ಲಿಗಾದರೂ ಹರಿಯಬೇಕಲ್ಲ. ಕೊಯ್ಯದೆ ಬಿಟ್ಟ ಕೊತ್ತಂಬರಿ ಉದ್ದಕ್ಕೆ ಎದ್ದು ಬಿಳಿ ಹೂ ಬಿಟ್ಟಿತು. ಪುದೀನ ಕಡ್ಡಿಯಾಗಿ ಬೆಳೆದು ಡಬ್ಬಿಯಿಂದ ಡಬ್ಬಿಗೆ ಹಬ್ಬಿತು. ಹೆಲ್ಮೆಟ್ಟಿನ ಮೆಂತ್ಯೆ ಕಾಯಿ ಕಟ್ಟಿತು. ಸಬ್ಜಾ ತೆನೆ ಹಾಕಿತು, ಎಲ್ಲಿಂದಲೋ ಜೇನುಹುಳುಗಳು ಬಂದವು. ಅಷ್ಟು ವರ್ಷದಲ್ಲಿ ಆ ಮಾಳಿಗೆ ಅಷ್ಟು ಚೆಂದ ಎಂದೂ ಇರಲಿಲ್ಲ. ಚಳಿಗಾಲದ ಸಂಜೆ ಗಾಳಿ ಬೀಸಿದರೆ ಓಣಿ ತುಂಬ ಘಮಘಮ. ದಾರಿಯಲ್ಲಿ ಹೋಗುವವರು ನಿಂತು ತಲೆ ಎತ್ತಿ ನೋಡುತ್ತಿದ್ದರು. ಅದರ ನಡುವೆ ಕೂತವರಿಗೆ ಮಾತ್ರ ಏನೂ ಇಲ್ಲ.

ಅಜ್ಜಿಯನ್ನು ನೋಡಿ ನೋಡಿ ಕೂಸು ಎಲೆ ಹಿಸುಕುವುದನ್ನು ಕಲಿತಿತ್ತು. ಪುಟ್ಟ ಬೆರಳನ್ನು ಅಜ್ಜಿಯ ಮೂಗಿಗೆ ಹಿಡಿದು, “ದಾದಿ, ಬಂತಾ?” ಎಂದು ಕೇಳುತ್ತಿತ್ತು. “ಹೌ, ಬಂತು,” ಎನ್ನುತ್ತಿದ್ದರು ಖಾಲಾ. ಕೂಸು ಚಪ್ಪಾಳೆ ತಟ್ಟುತ್ತಿತ್ತು. ನಾನು ಗೋಡೆಯ ಈಚೆ ಬಟ್ಟೆ ಒಣಹಾಕುತ್ತ ಅದನ್ನು ಕೇಳಿಸಿಕೊಂಡು ಕೆಳಗೆ ಇಳಿದುಬಿಡುತ್ತಿದ್ದೆ. ನನ್ನನ್ನು ಅವರು ಹೆಂಗದ ಹೇಳು ಎಂದು ಕೇಳುವುದನ್ನು ಬಿಟ್ಟಿದ್ದರು. ಕೇಳಲಿ ಎಂದು ಬೆಳಿಗ್ಗೆ ಗೋಡೆಯ ಹತ್ತಿರ ಸುಮ್ಮನೆ ನಿಲ್ಲುತ್ತಿದ್ದೆ. “ಬಸ್ ಹೋಗ್ತದ, ನಡಿ,” ಎನ್ನುತ್ತಿದ್ದರು.

ಮುಂದಿನ ಬೇಸಿಗೆಯಲ್ಲಿ ಖಾಲಾ ಹೋದರು. ಎದೆ ನೋವೆಂದು ಮಲಗಿದವರು ಏಳಲಿಲ್ಲ, ಆಸ್ಪತ್ರೆಗೆ ಒಯ್ಯುವಷ್ಟೂ ಪುರಸೊತ್ತು ಕೊಡಲಿಲ್ಲ. ನಾನು ಶಾಲೆಯಿಂದ ಅರ್ಧಕ್ಕೆ ಎದ್ದು ಬಂದೆ. ಬಸ್ಸಿಳಿದು ಸೀದಾ ಒಳಗೆ ಹೋದವಳು, ಸೆರಗಿನ ಮೇಲಿನ ದೇವದುರ್ಗದ ಧೂಳನ್ನು ಝಾಡಿಸಿರಲಿಲ್ಲ. ಅವರ ಹತ್ತಿರ ಹೋಗಿ ನಿಂತೆ. ಮೀಯಿಸಿ ಬಿಳಿ ಬಟ್ಟೆ ಹೊದಿಸಿದ್ದರು, ಮುಖ ಮಾತ್ರ ತೆರೆದಿತ್ತು. ಮೂಗಿನಲ್ಲಿ ಹತ್ತಿ ಇಟ್ಟಿದ್ದರು.

ಕಬರಿನ ಮೇಲೆ ಸಬ್ಜಾದ ಟೊಂಗೆ ಇಡುವ ಪದ್ಧತಿ ಅವರಲ್ಲಿದೆ. ಪೇಟೆಯಿಂದ ತರುತ್ತೇನೆಂದು ಯಾರೋ ಹೊರಟರು. ಮಗ, “ಪ್ಯಾಟಿಂದು ಯಾಕ, ಮ್ಯಾಲ ಅಮ್ಮೀದ ಅದ,” ಎಂದ. ಕತ್ತರಿ ಹಿಡಿದು ಮೇಲೆ ಹೋದ, ನಾನೂ ಹೋದೆ. ಬಾಯಿ ಒಡೆದ ಹಳೆಯ ಪ್ಲಾಸ್ಟಿಕ್ ಕೊಡದಲ್ಲಿ ಸಬ್ಜಾ ಎದೆಯೆತ್ತರ ಬೆಳೆದು ಹೂವಾಗಿತ್ತು. ಅವನು ಟೊಂಗೆಗೆ ಕತ್ತರಿ ಹಿಡಿದ. ಹಿಡಿದವನು ತಡೆದ. ಆಮೇಲೆ ಮೊಣಕಾಲೂರಿ ಕೂತು, ಗಿಡವನ್ನು ಸರಿಸಿ, ತಾಯಿ ಮಾಡುತ್ತಿದ್ದ ಹಾಗೇ ಕೊಡದ ಬಾಯಿಗೆ ಮುಖ ಇಟ್ಟು ಮೂಸಿದ.

ಸತ್ತವರಿಗಾಗಿ, ಅವರೇ ಬೆಳೆಸಿದ್ದನ್ನು, ಅವರ ಮಗ ಮೂಸಿ ನೋಡಿದ. ನಾನು ಅಲ್ಲಿಯೇ ನಿಂತು ಅದನ್ನು ನೋಡಿದೆ.

ಅವನು ತಲೆ ಎತ್ತಿದಾಗ ಕಣ್ಣು ಕೆಂಪಾಗಿದ್ದವು. “ಅಕ್ಕಾ, ಒಮ್ಮಿ ನೀವೂ ನೋಡ್ರಿ,” ಎಂದ.

ಬಗ್ಗಿದೆ. ಒದ್ದೆ ಮಣ್ಣು, ಸಬ್ಜಾ, ಬಿಸಿಲಿಗೆ ಕಾದ ಪ್ಲಾಸ್ಟಿಕ್ಕು. ಬೆಳಿಗ್ಗೆಯ ವಜೂವಿನ ನೀರು ತಳದಲ್ಲಿ ಇನ್ನೂ ಆರಿರಲಿಲ್ಲ. ಬೆರಳಿನಿಂದ ಕೊಡವನ್ನು ತಟ್ಟಿದೆ.

“ಪಾಕ್ ಅದ,” ಎಂದೆ.

ಅವನು ಕತ್ತರಿಸಿ ತೋಳು ತುಂಬ ಹಿಡಿದುಕೊಂಡು ಇಳಿದ. ಅವರು ಮಲಗಿದ್ದ ಕೋಣೆಗೆ ಅವನು ಕಾಲಿಡುವ ಮುಂಚೆಯೇ ಅಳುತ್ತಿದ್ದವರು ಒಬ್ಬೊಬ್ಬರಾಗಿ ತಲೆ ಎತ್ತಿದರು. ಕೋಣೆಯಲ್ಲಿದ್ದವರಿಗೆಲ್ಲ ವಾಸನೆ ಬಂತು.